‘ಅತಿಶಯ’ವೆಂಬ ಮಾತು ನಡೆದುಬಂದ ದಾರಿ

ಊರಿನಲ್ಲಿ ನಡೆಯುವ ಸನ್ಮಾನ ಸಭೆಗಳಿಗೆ ನೀವು ಒಂದೆರಡು ಬಾರಿಯಾದರೂ ಹೋಗಿರುತ್ತೀರಷ್ಟೆ. ಅಲ್ಲಿ ಭಾಷಣಕಾರರು ಎದ್ದು ನಿಂತು, ಶಾಲು ಹೊದ್ದು ಕುಳಿತವರ ಕಡೆಗೆ ಕೈ ತೋರಿ, “ಇವರಂಥವರು ಇನ್ನೊಬ್ಬರಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು” ಎನ್ನುವುದನ್ನು ಕೇಳಿಯೂ ಇರುತ್ತೀರಿ. ಈ ಮಾತು ಬಂದಿತೆಂದರೆ ಅದರ ಹಿಂದಿನದು ಅತಿಶಯೋಕ್ತಿಯೇ ಎಂದು ಧೈರ್ಯವಾಗಿ ಹೇಳಬಹುದು. ನಾನೂ ಇಂಥ ಮಾತುಗಳನ್ನು ಬೇಕಾದಷ್ಟು ಆಡಿದ್ದೇನೆ. ನಿವೃತ್ತರಾದವರಿಗೆ ಬಿನ್ನವತ್ತಳೆಗಳನ್ನು ಬರೆದುಕೊಟ್ಟಿದ್ದೇನೆ. ಆದುದರಿಂದ ಇದು ಪರರನ್ನು ಹಳಿಯುವ ಲೇಖನವಲ್ಲ. ‘ಅತಿಶಯ’ವೆಂಬ ಆ ಮಾತು ಎಲ್ಲಿಂದ ಹೊರಟು ಎಲ್ಲೆಲ್ಲಿ ಏನೇನಾಯಿತೆಂಬುದನ್ನು ನಿಮ್ಮೊಡನೆ ಕುಳಿತು ನೋಡಬೇಕೆಂಬುದಷ್ಟೆ ನನ್ನ ಆಸೆ. ಹಾಗೆ ನೋಡುವಂತೆ ನನ್ನನ್ನು ತೊಡಗಿಸಿದವನು ಎಂಟನೆಯ ತರಗತಿಯ ಒಬ್ಬ ಹುಡುಗ.

2007ರ ಜುಲೈ 7ರಂದು ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಲೋಕದ ಏಳು ಹೊಸ ಅದ್ಭುತಗಳ ಪಟ್ಟಿ ಪ್ರಕಟವಾಯಿತು. ನಮ್ಮ ತಾಜಮಹಲು ಅದರಲ್ಲಿ ಸೇರಿದ್ದುದರಿಂದ ಎಲ್ಲ ಕಡೆಯೂ ಅದೇ ಮಾತು. ನಾನೂ ಆ ವಾರ ತರಗತಿಯಲ್ಲಿ ತಾಜಮಹಲನ್ನು ಕುರಿತು ಪ್ರಬಂಧ ಬರೆಯಿಸಿದೆ. ಒಬ್ಬ ಹುಡುಗ, “ತಾಜಮಹಲು ಲೋಕದ ಏಳು ಅತಿಶಯಗಳಲ್ಲಿ ಒಂದು” ಎಂದು ಬರೆದಿದ್ದ. ತಂದೆಗೆ ರೈಲ್ವೆಯಲ್ಲಿ ಕೆಲಸ, ಮನೆಮಾತು ತಮಿಳು. ನಾನು ಆ ‘ಅತಿಶಯ’ವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಮೇಲೆ ‘ಅದ್ಭುತ’ವೆಂದು ತಿದ್ದಿ, ಅರ್ಧ ಅಂಕ ಕಳೆದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ವಾಕ್ಯವನ್ನು ತರಗತಿಗೆಲ್ಲ ಓದಿ ಹೇಳಿದೆ, ಹುಡುಗರು ನಕ್ಕರು. ಮರುದಿನ ಅವನು ಮೇಜಿನ ಹತ್ತಿರ ಬಂದು, “ನಮ್ಮ ಮನೆಯಲ್ಲಿ ಹಾಗೇ ಅಂತಾರೆ, ಸಾರ್” ಎಂದು ಮೆಲ್ಲಗೆ ಹೇಳಿದ. “ಮನೆಯ ಮಾತು ಮನೆಯಲ್ಲಿರಲಿ” ಎಂದೆ. ಆ ಬಳಿಕ ಅವನು ಬರೆದ ಪ್ರಬಂಧಗಳಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಅವನದೆನ್ನಬಹುದಾದ ಒಂದು ಮಾತೂ ಇರುತ್ತಿರಲಿಲ್ಲ. ಎಲ್ಲವೂ ಗೈಡಿನ ವಾಕ್ಯ.

ಕೆಲವು ವರ್ಷಗಳು ಕಳೆದು ಮಧುರೆಯ ಯಾತ್ರೆಗೆ ಹೋಗಿದ್ದಾಗ, ಪುಸ್ತಕದಂಗಡಿಯೊಂದರಲ್ಲಿ ತಾಜಮಹಲಿನ ಚಿತ್ರವಿದ್ದ ಮಕ್ಕಳ ಪುಸ್ತಕವೊಂದು ಕಣ್ಣಿಗೆ ಬಿತ್ತು. ನನಗೆ ತಮಿಳು ಲಿಪಿ ಬಾರದು. ಪಕ್ಕದಲ್ಲಿದ್ದವರನ್ನು ಕೇಳಿದೆ. “ಉಲಗ ಅದಿಸಯಂಗಳ್” ಎಂದು ಓದಿ ಹೇಳಿದರು. ಲೋಕದ ಅದ್ಭುತಗಳು ಎಂದರ್ಥ. ಪಂಡಿತ ಪರೀಕ್ಷೆಗೆ ಓದಿದವನೆಂಬ ನನ್ನ ಹೆಮ್ಮೆ ಆ ಅಂಗಡಿಯ ಮುಂದೆ ಸ್ವಲ್ಪ ಇಳಿಯಿತು. ಊರಿಗೆ ಬಂದವನೇ ನಿಘಂಟುಗಳನ್ನು ತೆರೆದು ಕುಳಿತೆ.

ಮೊದಲು ಮಾತಿನ ಬೇರನ್ನು ನೋಡೋಣ. ‘ಅತಿ’ ಎಂದರೆ ಮೀರಿ, ಆಚೆಗೆ. ‘ಶೀ’ ಎಂಬ ಧಾತುವಿಗೆ ಮಲಗು, ಒರಗು ಎಂದರ್ಥ. ಶಯನ, ಶಯ್ಯೆ ಎಂಬ ಮಾತುಗಳು ಹುಟ್ಟಿದ್ದು ಇದರಿಂದಲೇ. ನೀರು ಬಂದು ಮಲಗುವ ಜಾಗ ಜಲಾಶಯ. ಮನಸ್ಸು ಅತ್ತಲೂ ಇತ್ತಲೂ ಒರಗಿದರೆ ಸಂಶಯ. ಹಾಗೆಯೇ ಎಲ್ಲೆಯನ್ನು ಮೀರಿ ಆಚೆಗೆ ಚಾಚಿಕೊಂಡದ್ದು ಅತಿಶಯ. ಹಾಸಿಗೆಯನ್ನು ಮೀರಿ ಕಾಲು ಚಾಚಿದವನ ಚಿತ್ರ ನಿಮ್ಮ ಕಣ್ಣಿಗೆ ಬಂದರೆ ಅರ್ಥ ಬಹುಮಟ್ಟಿಗೆ ಆದಂತೆಯೇ. ಮಿಕ್ಕಿದ್ದು, ಹೆಚ್ಚಾದದ್ದು, ಇತರರನ್ನು ಹಿಂದೆ ಹಾಕಿದ್ದು ಎಂಬುದೇ ಇದರ ಮೊದಲ ಅರ್ಥ. ಹೊಗಳಿಕೆಯಾಗಲಿ ಅಚ್ಚರಿಯಾಗಲಿ ಇದರಲ್ಲಿ ಆಗ ಇರಲಿಲ್ಲ.

ವ್ಯಾಕರಣವು ಈ ಮಾತನ್ನು ಅಳತೆಗೋಲಾಗಿ ಬಳಸಿಕೊಂಡಿತು. ಕ್ರಿಸ್ತಪೂರ್ವ 5-4ನೆಯ ಶತಮಾನಗಳ ಸುಮಾರಿನಲ್ಲಿದ್ದ ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ, ಹಲವರಲ್ಲಿ ಒಬ್ಬನು ಗುಣದಿಂದ ಮಿಕ್ಕವರನ್ನು ಮೀರಿದನೆಂದು ಹೇಳಬೇಕಾದಾಗ ಎರಡು ಪ್ರತ್ಯಯಗಳನ್ನು ಹಚ್ಚಬೇಕೆಂದು ವಿಧಿಸುತ್ತಾನೆ. ಈ ಮೀರುವಿಕೆಗೆ ಅವನು ಇಟ್ಟ ಹೆಸರು ‘ಅತಿಶಾಯನ’. ಒಂದು ಪ್ರತ್ಯಯದಿಂದ ಪ್ರಿಯತಮ ಮೊದಲಾದ ರೂಪಗಳು. ಇನ್ನೊಂದರಿಂದ ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಬಲಿಷ್ಠ, ಗರಿಷ್ಠ. ಬೈಯುವಾಗ ಬರುವ ‘ಪಾಪಿಷ್ಠ’ವೂ ಇದೇ ಮನೆತನದ್ದು. ಬಾನುಲಿಯ ಹವಾಮಾನ ವರ್ತಮಾನದಲ್ಲಿ ಗರಿಷ್ಠ ಉಷ್ಣಾಂಶ ಇಷ್ಟು, ಕನಿಷ್ಠ ಉಷ್ಣಾಂಶ ಇಷ್ಟು ಎಂದು ಹೇಳುವಾಗ ನಿಮ್ಮ ಮನೆಯ ರೇಡಿಯೋ ಪಾಣಿನಿಯ ಸೂತ್ರವನ್ನೇ ಪಾಲಿಸುತ್ತಿರುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ‘ಗರಿಷ್ಠ’ ಬಂದದ್ದು ‘ಗುರು’ವಿನಿಂದ, ಎಲ್ಲಕ್ಕಿಂತ ಭಾರವಾದದ್ದು ಎಂದರ್ಥ. ನಾವು ಅದನ್ನು ಹೆಚ್ಚಿನ ಮಿತಿಗೆ ಬಳಸುತ್ತೇವೆ. ಹಿಂದಿಯವರಲ್ಲಿ ಹೆಚ್ಚಿನ ಮಿತಿಗೆ ‘ಅಧಿಕತಮ’. ‘ಗರಿಷ್ಠ ಭೋಜನ’ವೆಂದರೆ ಹೊಟ್ಟೆಗೆ ಭಾರವಾದ, ಸುಲಭವಾಗಿ ಅರಗದ ಊಟ. ನಮ್ಮ ವರ್ತಮಾನದ ಗರಿಷ್ಠ ಉಷ್ಣಾಂಶವನ್ನು ಕೇಳಿದ ಹಿಂದಿಯ ಅತಿಥಿಗೆ ಬಿಸಿಲು ಅಜೀರ್ಣವಾದಂತೆ ತೋರಿದರೆ ತಪ್ಪು ಯಾರದು? ಯಾರದೂ ಅಲ್ಲ. ಮಾತು ಒಂದೇ, ಅದು ಹಿಡಿದ ದಾರಿಗಳು ಎರಡು.

ವ್ಯಾಕರಣದಿಂದ ಕಾವ್ಯದ ಕಡೆಗೆ ಬರೋಣ. ಅಲಂಕಾರಶಾಸ್ತ್ರದ ಹಳಬರಲ್ಲಿ ಒಬ್ಬನಾದ ಭಾಮಹನು ಅತಿಶಯೋಕ್ತಿಗೆ ಲಕ್ಷಣ ಹೇಳುವಾಗ, ಲೋಕದ ಎಲ್ಲೆಯನ್ನು ಮೀರಿದ ಮಾತು ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಆ ಮೀರುವಿಕೆಗೆ ಒಂದು ನಿಮಿತ್ತವಿರಬೇಕೆಂದು ಸೇರಿಸುತ್ತಾನೆ. ಈ ‘ನಿಮಿತ್ತ’ವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಅದರ ಕೆಲಸವಿದೆ. ಕಂಚಿಯ ಪಲ್ಲವರ ಕಾಲದವನಾದ ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಅತಿಶಯೋಕ್ತಿಯನ್ನು ಅಲಂಕಾರಗಳಲ್ಲೆಲ್ಲ ಉತ್ತಮವೆಂದು ಎತ್ತಿ ಹಿಡಿದ. ಮುಖ ಚಂದ್ರನಂತಿದೆಯೆಂದರೂ, ತೋಳು ಆನೆಯ ಸೊಂಡಿಲಿನಂತಿದೆಯೆಂದರೂ ಅಲ್ಲಿ ಲೋಕದ ಅಳತೆಯನ್ನು ದಾಟಿದ ಅಂಶ ಒಂದಿಷ್ಟು ಇದ್ದೇ ಇರುತ್ತದೆ. ಅತಿಶಯವಿಲ್ಲದ ಕಾವ್ಯ ಉಪ್ಪಿಲ್ಲದ ಅಡಿಗೆಯೇ ಸರಿ.

ಆದರೆ ಅದೇ ದಂಡಿಯು ಉಪ್ಪು ಹೆಚ್ಚಾದ ಅಡಿಗೆಯನ್ನೂ ಕಂಡಿದ್ದ. ಅದನ್ನು ಅವನು ‘ಅತ್ಯುಕ್ತಿ’ ಎಂದು ಬೇರೆ ಹೆಸರಿನಿಂದ ಕರೆದು, ಇದು ಗೌಡರು ಮುದ್ದಿಸಿ ಸಾಕುವ ರೀತಿ ಎಂದ. ಇಲ್ಲಿ ಗೌಡರೆಂದರೆ ನಮ್ಮ ಹಳ್ಳಿಯ ಗೌಡರಲ್ಲ. ಗೌಡದೇಶದವರು, ಎಂದರೆ ಬಂಗಾಳದ ಕಡೆಯವರು. ದಂಡಿಯ ಕಾಲದಿಂದ ಸಾವಿರಕ್ಕೂ ಮಿಕ್ಕಿ ವರ್ಷಗಳು ಕಳೆದಿವೆ. ಇಂದಿಗೂ ಬಂಗಾಳಿಯಲ್ಲಿ ಉಬ್ಬಿಸಿ ಹೇಳಿದ ಮಾತಿಗೆ ‘ಅತ್ಯುಕ್ತಿ’ ಎಂಬ ಪದ ಬಳಕೆಯಲ್ಲಿದೆ. ರವೀಂದ್ರನಾಥ ಠಾಕೂರರು ಆ ಹೆಸರಿನ ಒಂದು ಪ್ರಬಂಧವನ್ನೇ ಬರೆದರು. 1903ರ ದೆಹಲಿ ದರ್ಬಾರಿಗೆ ಸಿದ್ಧತೆ ನಡೆಯುತ್ತಿದ್ದ ಕಾಲದ ಬರಹ ಅದು. ಅತ್ಯುಕ್ತಿ ಪೂರ್ವದೇಶದವರ ಗುಣವೆಂದು ಆಳುವವರು ಹೇಳುತ್ತಿದ್ದ ದಿನಗಳಲ್ಲಿ, ಅತ್ಯುಕ್ತಿ ಎಲ್ಲ ಜನರಲ್ಲಿಯೂ ಉಂಟು, ಪಶ್ಚಿಮದವರಿಗೂ ತಮ್ಮದೇ ಬಗೆಯ ಅತ್ಯುಕ್ತಿ ಇದೆ ಎಂದು ಅವರು ತೋರಿಸಿಕೊಟ್ಟರು.

ಇನ್ನು ನಮ್ಮ ನಾಡಿಗೆ ಬರೋಣ. ಕನ್ನಡದಲ್ಲಿ ಉಳಿದು ಬಂದಿರುವ ಗ್ರಂಥಗಳಲ್ಲಿ ಮೊದಲನೆಯದು ಕವಿರಾಜಮಾರ್ಗ, ಕ್ರಿ.ಶ. 850ರ ಸುಮಾರಿನದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದ. ಅವನ ರಾಜಧಾನಿಯಾದ ಮಾನ್ಯಖೇಟವು ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶಕ್ಕೆ ಬಹಳ ಋಣಿಯಾಗಿದ್ದು, ಅದರ ಮೂರನೆಯ ಪರಿಚ್ಛೇದದ ಅರ್ಥಾಲಂಕಾರಗಳಲ್ಲಿ ಅತಿಶಯಕ್ಕೂ ಸ್ಥಾನವಿದೆ. ಅದಕ್ಕಿಂತ ಸೊಗಸಾದ ಸಂಗತಿ ಇನ್ನೊಂದು. ಈ ಗ್ರಂಥದಲ್ಲಿ ದೊರೆಗೆ ಬರುವ ಬಿರುದುಗಳಲ್ಲಿ ‘ಅತಿಶಯಧವಳ’ ಎಂಬುದೂ ಒಂದು. ಧವಳವೆಂದರೆ ಬಿಳುಪು. ಕೀರ್ತಿಯ ಬಣ್ಣ ಬಿಳಿಯೆಂಬುದು ಕವಿಸಮಯ. ಹೀಗೆ ಎಲ್ಲೆ ಮೀರಿದ ಬಿಳುಪುಳ್ಳವನು, ಎಂದರೆ ಎಲ್ಲರ ಕೀರ್ತಿಯನ್ನೂ ಹಿಂದಿಕ್ಕಿದವನು ಎಂದು ಅರ್ಥ ಮಾಡಬಹುದು. ನಮ್ಮ ಭಾಷೆಯ ಮೊದಲ ಪುಸ್ತಕದಲ್ಲಿಯೇ ಈ ಮಾತು ಅಲಂಕಾರದ ಹೆಸರೂ ಹೌದು, ಅರಸನ ಹೆಸರೂ ಹೌದು.

ಈ ಅರಸನ ಕಾಲದಲ್ಲಿ ಜೈನಧರ್ಮ ನಮ್ಮ ನಾಡಿನಲ್ಲಿ ಬಹಳ ಬಲವಾಗಿತ್ತೆಂಬುದು ನಿಮಗೆ ತಿಳಿದದ್ದೇ. ಜೈನರಲ್ಲಿ ‘ಅತಿಶಯ’ಕ್ಕೆ ಇನ್ನೊಂದು ಗಟ್ಟಿಯಾದ ಅರ್ಥವುಂಟು. ತೀರ್ಥಂಕರರಿಗೆ ಮೂವತ್ತನಾಲ್ಕು ಅತಿಶಯಗಳೆಂದು ಎಣಿಕೆ. ದಿಗಂಬರ ಸಂಪ್ರದಾಯದಲ್ಲಿ ಹತ್ತು ಹುಟ್ಟಿನಿಂದ ಬಂದವು, ಹತ್ತು ಕೇವಲಜ್ಞಾನವಾದಾಗ ತೋರುವಂಥವು, ಹದಿನಾಲ್ಕು ದೇವತೆಗಳು ಉಂಟುಮಾಡುವಂಥವು. ಬೆವರಿಲ್ಲದ ಶರೀರ, ಹಾಲಿನಂತೆ ಬೆಳ್ಳಗಿರುವ ರಕ್ತ ಮೊದಲಾದುವು ಹುಟ್ಟಿನ ಅತಿಶಯಗಳು. ಪುಣ್ಯಸ್ಥಳಗಳಲ್ಲಿಯೂ ಅವರು ಭೇದ ಮಾಡುತ್ತಾರೆ: ತೀರ್ಥಂಕರರೋ ಮುನಿಗಳೋ ಮುಕ್ತಿ ಪಡೆದ ಸ್ಥಳ ಸಿದ್ಧಕ್ಷೇತ್ರ, ಮಹಿಮೆಗಳು ನಡೆದ ಸ್ಥಳ ಅತಿಶಯಕ್ಷೇತ್ರ. ಶಿವಮೊಗ್ಗ ಜಿಲ್ಲೆಯ ಹೊಂಬುಜ, ರಾಜಸ್ಥಾನದ ಶ್ರೀ ಮಹಾವೀರಜೀ ಇಂಥ ಅತಿಶಯಕ್ಷೇತ್ರಗಳು. ಇಲ್ಲಿ ‘ಹೆಚ್ಚು’ ಎಂಬ ಅರ್ಥ ಆಗಲೇ ‘ಅಚ್ಚರಿ’ಯ ಕಡೆಗೆ ಒರಗಿದೆಯೆಂಬುದನ್ನು ಗಮನಿಸಿ. ಮನುಷ್ಯರ ಅಳತೆಯನ್ನು ಮೀರಿದ್ದನ್ನು ಕಂಡಾಗ ಬಾಯಿ ತೆರೆದು ನಿಲ್ಲುವುದು ಸಹಜ ತಾನೆ?

ಈಗ ದೇಶಭಾಷೆಗಳಲ್ಲಿ ಒಂದು ಸುತ್ತು ಹಾಕೋಣ. ಉತ್ತರದ ಕಡೆಗೆ ಹೋದಂತೆ ಈ ಮಾತು ವಿಶೇಷಣಗಳ ಮುಂದೆ ನಿಂತು ‘ಬಹಳ’ವೆಂಬ ಅರ್ಥ ಕೊಡುವ ಸೇವಕನಾಗಿದೆ. ಮರಾಠಿಯವರು ‘ಅತಿಶಯ ಸುಂದರ’ ಎನ್ನುತ್ತಾರೆ. ಬಹಳ ಚೆಲುವಾದ ಎಂದಷ್ಟೇ ಅದರ ಅರ್ಥ. ಹಿಂದಿಯಲ್ಲಿಯೂ ಬಂಗಾಳಿಯಲ್ಲಿಯೂ ಗ್ರಂಥಸ್ಥ ಭಾಷೆಯಲ್ಲಿ ಇದೇ ಕೆಲಸ. ಅಲ್ಲಿ ಅಚ್ಚರಿಯ ಸುಳಿವಿಲ್ಲ. ಎಲ್ಲೆ ಮೀರಿದ್ದು ಎಂಬ ಚಿತ್ರವೂ ಕೇಳಿದವರ ಕಣ್ಣಿಗೆ ಬರುವುದಿಲ್ಲ.

ದಕ್ಷಿಣಕ್ಕೆ ಬಂದರೆ ಬೇರೆ ಕಥೆ. ತಮಿಳಿನಲ್ಲಿ ಅದು ‘ಅದಿಸಯಂ’ ಆಗಿ ಅದ್ಭುತವೆಂಬ ಅರ್ಥದಲ್ಲಿ ನೆಲೆನಿಂತಿತು. ಮಲೆಯಾಳದಲ್ಲಿಯೂ ‘ಅತಿಶಯಂ’ ಎಂದರೆ ಆಶ್ಚರ್ಯ. ‘ಅತಿಶಯಿಚ್ಚು’ ಎಂದರೆ ಬೆರಗಾದನು. ತೆಲುಗಿನಲ್ಲಿ ಇನ್ನೊಂದು ತಿರುವು: ಹೆಚ್ಚಳ, ಮೇಲ್ಮೆ ಎಂಬ ಅರ್ಥಗಳ ಜೊತೆಗೆ ಗರ್ವವೆಂಬ ಅರ್ಥವೂ ಕೂಡಿಕೊಂಡಿತು. ತೆಲುಗಿನ ‘ಅತಿಶಯಿಂಚು’ ಎಂಬ ಕ್ರಿಯಾಪದಕ್ಕೆ ಮೀರು ಎಂದೂ ಅರ್ಥ, ಹೆಮ್ಮೆಪಡು ಎಂದೂ ಅರ್ಥ. ಇದು ನಮಗೆ ವಿಚಿತ್ರವಾಗಿ ತೋರಬೇಕಾದುದಿಲ್ಲ. ‘ಹೆಚ್ಚು’ ಎಂಬ ನಮ್ಮ ಅಚ್ಚಗನ್ನಡ ಮಾತಿನಿಂದಲೇ ‘ಹೆಚ್ಚುಗಾರಿಕೆ’ ಬಂದಿಲ್ಲವೆ? “ಅದರಲ್ಲೇನು ನಿನ್ನ ಹೆಚ್ಚುಗಾರಿಕೆ?” ಎಂದು ಕೇಳುವಾಗ ನಾವೂ ಹೆಚ್ಚಳವನ್ನೂ ಹೆಮ್ಮೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತೇವೆ.

ಈ ಎರಡು ನೆರೆಭಾಷೆಗಳ ಅಂತರ ಎಷ್ಟೆಂಬುದಕ್ಕೆ ಬೈಬಲ್ಲಿನ ಅನುವಾದಗಳು ಒಳ್ಳೆಯ ಸಾಕ್ಷಿ. ಯೆಶಾಯನ ಪ್ರವಾದನೆಯಲ್ಲಿ ಹುಟ್ಟಲಿರುವ ಮಗುವಿಗೆ ಹೇಳಿದ ನಾಮಗಳಲ್ಲಿ ಮೊದಲನೆಯದು ತಮಿಳಿನಲ್ಲಿ ‘ಅದಿಸಯಮಾನವರ್’, ಅದ್ಭುತನು ಎಂದರ್ಥ. ತೆಲುಗಿನ ಬೈಬಲ್ಲಿನಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಮನುಷ್ಯರು ತಮ್ಮನ್ನು ತಾವು ಹೊಗಳಿಕೊಳ್ಳಬಾರದೆಂದು ಬೋಧಿಸುವಲ್ಲಿ ‘ಅತಿಶಯಿಂಚು’ ಎಂಬ ಮಾತು ಬರುತ್ತದೆ. ಒಂದೇ ಧರ್ಮಗ್ರಂಥ, ಒಂದೇ ಸಂಸ್ಕೃತ ಶಬ್ದ. ಒಂದು ಭಾಷೆಯಲ್ಲಿ ಅದು ದೇವರ ಹೆಸರು. ಪಕ್ಕದ ಭಾಷೆಯಲ್ಲಿ ಮನುಷ್ಯನು ಬಿಡಬೇಕಾದ ಜಂಬ.

ಕನ್ನಡ ಎಲ್ಲಿ ನಿಂತಿದೆ? ನೆಲದ ಮೇಲೆ ಹೇಗೋ ಹಾಗೆಯೇ ಮಾತಿನಲ್ಲಿಯೂ ಇವರೆಲ್ಲರ ನಡುವೆ. “ಅತಿಶಯವಾದ ರೂಪು” ಎಂದಾಗ ಹಳೆಯ ಸಂಸ್ಕೃತದ ಅರ್ಥ, ಎಲ್ಲರನ್ನೂ ಮೀರಿದ್ದು. “ನಿನ್ನದೇನಯ್ಯ ಅತಿಶಯ?” ಎಂದಾಗ ತೆಲುಗಿನ ವಾಸನೆ ಸ್ವಲ್ಪ ಬರುತ್ತದೆ. “ಮಳೆಗಾಲದಲ್ಲಿ ಮಳೆ ಬಂದರೆ ಅದರಲ್ಲೇನು ಅತಿಶಯ?” ಎಂದು ನಮ್ಮ ಹಿರಿಯರು ಕೇಳುವಾಗ ಅಲ್ಲಿರುವುದು ಆಶ್ಚರ್ಯವೇ ಹೊರತು ಬೇರೆಯಲ್ಲ. ಈ ಮೂರನೆಯದನ್ನು ನೋಡಿದಿರಷ್ಟೆ? ಹುಡುಗ ಬರೆದದ್ದೂ ಇದೇ ಅರ್ಥ. ಅವನ ಮನೆಯ ಮಾತಿನಲ್ಲಿ ಅದು ಸರಿ ಎಂಬುದು ಹಾಗಿರಲಿ; ನನ್ನ ಅಜ್ಜಿಯ ಕನ್ನಡದಲ್ಲಿಯೂ ಅದು ಅಷ್ಟೇನೂ ದೂರದ್ದಲ್ಲ. ‘ಏಳು ಅದ್ಭುತ’ಗಳೆಂಬುದು ಕನ್ನಡದಲ್ಲಿ ರೂಢವಾದ ಮಾತು, ಪರೀಕ್ಷೆಗೆ ಅದನ್ನೇ ಬರೆಯಬೇಕೆಂದು ಹೇಳಬಹುದಾಗಿತ್ತು. ತಪ್ಪೆಂದು ಹೊಡೆದು ಹಾಕುವುದಕ್ಕೆ ನನಗೆ ಅಧಿಕಾರವಿರಲಿಲ್ಲ. ರೂಢಿಯನ್ನು ತಿಳಿಸುವುದು ಬೇರೆ. ಮಾತಿಗೆ ಇರುವ ಅರ್ಥವನ್ನೇ ಇಲ್ಲವೆನ್ನುವುದು ಬೇರೆ. ಅತಿಶಯಕ್ಕೆ ಇರುವ ತೆಲುಗಿನ ಅರ್ಥ ಅಂದು ಆ ತರಗತಿಯಲ್ಲಿ ಯಾರಿಗೆ ಹೊಂದುತ್ತಿತ್ತೆಂದು ನೀವೇ ಊಹಿಸಬಹುದು.

ಇನ್ನೊಂದು ಮಾತು ಉಳಿದಿದೆ. ಉತ್ತರದಲ್ಲಿ ಅತಿಶಯವು ಬರಿಯ ‘ಬಹಳ’ವಾದದ್ದು ಯಾರೂ ಬೇಕೆಂದು ಮಾಡಿದ್ದಲ್ಲ. ಹೆಚ್ಚು ಎಂಬರ್ಥದ ಮಾತುಗಳನ್ನು ಕಂಡಕಂಡ ಕಡೆ ಹಾಕುತ್ತ ಹೋದರೆ ಅವು ನಾಣ್ಯದಂತೆ ಸವೆಯುತ್ತವೆ. ಕನ್ನಡದಲ್ಲಿಯೂ ನೋಡಿ: ‘ವಿಪರೀತ’ವೆಂದರೆ ತಿರುಗುಮುರುಗಾದದ್ದು, ಈಗ “ವಿಪರೀತ ಚಳಿ” ಎಂದರೆ ಹೆಚ್ಚು ಚಳಿ ಅಷ್ಟೆ. ಭಯವನ್ನುಂಟುಮಾಡುವುದು ‘ಭಯಂಕರ’, ಈಗ “ಭಯಂಕರ ಚೆನ್ನಾಗಿದೆ” ಎನ್ನುವವರೂ ಇದ್ದಾರೆ. ‘ಉತ್ತಮ’ ಎಂಬುದರಲ್ಲಿಯೇ ಪಾಣಿನಿಯ ‘ತಮ’ವಿದೆ, ಎಲ್ಲಕ್ಕಿಂತ ಮೇಲಿನದು ಎಂದರ್ಥ. ಅದರ ಮೇಲೆ ಇನ್ನೊಂದು ಮೆಟ್ಟಿಲು ಇರಲಾರದು. ಆದರೆ ನಮ್ಮ ಶಾಲೆಯ ಪ್ರಗತಿಪತ್ರದಲ್ಲಿ ‘ಉತ್ತಮ’ದ ಮೇಲೆ ‘ಅತ್ಯುತ್ತಮ’ ಕುಳಿತಿದೆ. ‘ಉತ್ತಮ’ ಬಂದ ಹುಡುಗ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋಗುತ್ತಾನೆ. ದೋಸೆಗೂ ಅದ್ಭುತ, ಹೊಸ ಅಂಗಿಗೂ ಅದ್ಭುತವೆಂದು ಹೇಳುತ್ತ ಹೋದರೆ, ನಾಳೆ ಗೊಮ್ಮಟನ ಮುಂದೆ ನಿಂತು ಏನು ಹೇಳುವಿರಿ?

ಇದಕ್ಕೆ ಮದ್ದು ಭಾಮಹನ ‘ನಿಮಿತ್ತ’. ಎಲ್ಲೆ ಮೀರಿದ ಮಾತು ಆಡಬಾರದೆಂದಲ್ಲ. ಆಡುವುದಕ್ಕೆ ತಕ್ಕ ಕಾರಣ ಕಣ್ಣ ಮುಂದೆ ಇರಬೇಕು. ಸನ್ಮಾನ ಸಭೆಯಲ್ಲಿ ಎದ್ದು ನಿಂತಾಗ, “ಇವರಂಥವರಿಲ್ಲ” ಎನ್ನುವ ಮೊದಲು, ಅವರು ಮಾಡಿದ ಒಂದೇ ಒಂದು ಕೆಲಸವನ್ನು ಹೆಸರಿಟ್ಟು ಹೇಳುವುದಾದರೆ ಸಾಕು. ಊರಿನವರು ಬರಗಾಲದ ವರ್ಷ ಅವರ ಬಾವಿಯಿಂದ ನೀರು ತಂದದ್ದೋ, ಬಡ ಹುಡುಗನೊಬ್ಬನ ಪರೀಕ್ಷೆಯ ಶುಲ್ಕವನ್ನು ಅವರು ಗುಟ್ಟಾಗಿ ಕಟ್ಟಿದ್ದೋ. ಆಮೇಲೆ ಅತಿಶಯದ ಮಾತು ತಾನಾಗಿಯೇ ಬೆಳಗುತ್ತದೆ, ಅತಿಶಯೋಕ್ತಿಯಲ್ಲವೆಂದು ಆಣೆಯಿಡಬೇಕಾಗುವುದಿಲ್ಲ.

ಆ ಹುಡುಗ ಆ ವರ್ಷದ ಕೊನೆಗೆ ತಂದೆಗೆ ವರ್ಗವಾಗಿ ಬೇರೆ ಊರಿಗೆ ಹೋದ. ಅರ್ಧ ಅಂಕವನ್ನು ಹಿಂದಕ್ಕೆ ಕೊಡುವುದಕ್ಕೆ ನನಗೆ ಅವಕಾಶ ಸಿಕ್ಕಲಿಲ್ಲ. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬೇರೆ ಮನೆಮಾತಿನ ಮಗುವೊಂದು ಅಪರೂಪದ ಶಬ್ದವನ್ನು ಬರೆದರೆ, ಅದರ ಕೆಳಗೆ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದು, “ಇದನ್ನು ಎಲ್ಲಿ ಕೇಳಿದೆ?” ಎಂದು ಪಕ್ಕದಲ್ಲಿ ಬರೆಯುತ್ತೇನೆ. ಮಕ್ಕಳು ಉತ್ತರ ತರುತ್ತಾರೆ: ಅಜ್ಜಿ ಹೇಳಿದ್ದು, ಸಂತೆಯಲ್ಲಿ ಕೇಳಿದ್ದು, ತಾಯಿಯ ತವರಿನ ಮಾತು. ಆ ಉತ್ತರಗಳಿಂದ ನಾನು ಕಲಿತಿರುವುದು ಪಂಡಿತ ಪರೀಕ್ಷೆಗೆ ಓದಿದುದಕ್ಕಿಂತ ಹೆಚ್ಚು ಎಂದರೆ ಅದು ಅತಿಶಯೋಕ್ತಿ. ಆದರೂ ನಿಮಿತ್ತವಿಲ್ಲದ ಮಾತಲ್ಲ. ನಿಮ್ಮ ಮನೆಯ ಮಕ್ಕಳು ಇಂಥ ಮಾತೊಂದನ್ನು ಆಡಿದರೆ ನೀವೂ ತಿದ್ದುವ ಮೊದಲು ಕೇಳಿ ನೋಡಿ.